ಗಾಡಿ ತೂಗುತ್ತದೆ, ಸರಿ, ಯಾವಾಗ ತೂಗುತ್ತದೆ?

ಓದುಗರ ಪ್ರಶ್ನೆಗೆ ಗ್ಯಾರೇಜಿನ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಹೆಚ್ಚುಕಡಿಮೆ ಒಂದೇ ದೂರಿನವು: ದೊಡ್ಡ ಗಾಡಿ, ತೂಗಾಟ. ಮಳೆಗಾಲ ಮುಗಿದು ರಸ್ತೆಯ ಗುಂಡಿಗಳು ಗಾಡಿಗಳ ಅಡಿಭಾಗದ ಲೆಕ್ಕ ಚುಕ್ತಾ ಮಾಡಿದ ಮೇಲೆ ಪ್ರತಿವರ್ಷವೂ ಹೀಗೆಯೇ. ನಾಲ್ಕನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಕೊಪ್ಪದವರ ಪತ್ರಕ್ಕೆ ಹೆಚ್ಚು ಜಾಗ ಹೋಗಿದೆ, ಉಳಿದವರು ಕ್ಷಮಿಸಬೇಕು.

ಪ್ರಶ್ನೆ: ನನ್ನದು ಏಳು ಸೀಟಿನ ಡೀಸೆಲ್ ಎಸ್‌ಯುವಿ, 2016ರದ್ದು, 1,18,000 ಕಿಲೋಮೀಟರ್ ಓಡಿದೆ. ತಿಂಗಳಿಗೊಮ್ಮೆ ಅಮ್ಮನನ್ನು ತಪಾಸಣೆಗೆಂದು ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಕರೆದುಕೊಂಡು ಹೋಗುತ್ತೇವೆ. ಒಂದು ವರ್ಷದಿಂದ ಗಾಡಿ ತಿರುವುಗಳಲ್ಲಿ ವಿಪರೀತ ವಾಲುತ್ತದೆ. ಹೆದ್ದಾರಿಯಲ್ಲಿ ಪಕ್ಕದಿಂದ ಟ್ಯಾಂಕರ್ ದಾಟಿ ಹೋದರೆ ಹಿಂಭಾಗ ಪಕ್ಕಕ್ಕೆ ಸರಿದು, ಅರೆಗಳಿಗೆ ತಡೆದು ಮತ್ತೆ ಜಾಗಕ್ಕೆ ಬಂದಂತಾಗುತ್ತದೆ. ನಾಲ್ಕೂ ಶಾಕ್ ಅಬ್ಸಾರ್ಬರ್ ಬದಲಿಸಿದೆ, ಇಪ್ಪತ್ತೆರಡು ಸಾವಿರ ಹೋಯಿತು, ಗುಣ ಕಾಣಲಿಲ್ಲ. ಈಗ ಹಿಂದಕ್ಕೆ ದಪ್ಪನೆಯ ಸ್ಟೆಬಿಲೈಜರ್ ಬಾರ್ (ಎಡಬಲ ಚಕ್ರಗಳನ್ನು ಜೋಡಿಸುವ ಉಕ್ಕಿನ ಕಂಬಿ) ಹಾಕಿಸಿ ಎನ್ನುತ್ತಿದ್ದಾರೆ. ಹಾಕಿಸಲೇ? ಹೋದ ವರ್ಷ 235/65 ಆರ್17 ಟೈರ್ ತೆಗೆದು 265/65 ಆರ್17 ಹಾಕಿಸಿದ್ದೇನೆ. ಮೇಲೆ ಕಬ್ಬಿಣದ ಕ್ಯಾರಿಯರ್ ಇದೆ. ಅಮ್ಮನಿಗೆ ಘಾಟಿಯಲ್ಲಿ ವಾಂತಿಯಾಗುತ್ತದೆ, ಮುಖ್ಯವಾಗಿ ಅದಕ್ಕಾಗಿಯೇ ಈ ಪತ್ರ.
ಅಡಿಕೆ ಬೆಳೆಗಾರ, ಕೊಪ್ಪ

ಉತ್ತರ: ಬಾರ್ ಬೇಡ. ಸದ್ಯಕ್ಕಂತೂ ಬೇಡ.

ನಿಮ್ಮ ಪತ್ರದಲ್ಲಿ ಒಂದಲ್ಲ, ಎರಡು ದೂರುಗಳಿವೆ. ತಿರುವಿನಲ್ಲಿ ವಾಲುವುದು ಒಂದು. ನೇರ ರಸ್ತೆಯಲ್ಲಿ ಹಿಂಭಾಗ ಪಕ್ಕಕ್ಕೆ ಸರಿದು, ತಡವಾಗಿ ಬರುವುದು ಇನ್ನೊಂದು. ನೀವು ಗ್ಯಾರೇಜಿಗೆ ಹೋಗಿ ‘ಗಾಡಿ ತೂಗುತ್ತದೆ’ ಎಂದು ಹೇಳಿರುತ್ತೀರಿ. ಎರಡೂ ಆ ಒಂದು ಮಾತಿನಲ್ಲಿ ಕಲಸಿಹೋಗಿವೆ. ತೂಗಾಟ ಎಂದ ಕೂಡಲೇ ನಮ್ಮವರ ಕೈ ಶಾಕ್ ಅಬ್ಸಾರ್ಬರ್ ಮೇಲೆಯೇ ಹೋಗುತ್ತದೆ. ಡಬ್ಬಿಯಲ್ಲಿ ಬರುವ ಹೊಸ ಸಾಮಾನು, ಬಿಚ್ಚಿ ಹಾಕಲು ಅರ್ಧ ದಿನ, ಗಿರಾಕಿಗೂ ಏನೋ ಆಯಿತೆಂಬ ಸಮಾಧಾನ. ನಾನು ಹೊರಗಿನವನಂತೆ ಹೇಳುತ್ತಿಲ್ಲ, ಈ ತಪ್ಪನ್ನು ನಾನೂ ಮಾಡಿದ್ದೇನೆ. ಅದನ್ನು ಮುಂದೆ ಹೇಳುತ್ತೇನೆ.

ಶಾಕ್‌ನ ಕೆಲಸವೇನು? ಸ್ಪ್ರಿಂಗ್ ಕುಗ್ಗಿ ಹಿಗ್ಗುವಾಗ ಅದರ ಕುಣಿತವನ್ನು ತಡೆಯುವುದು. ಘಾಟಿಯ ಉದ್ದನೆಯ ತಿರುವಿನಲ್ಲಿ ಗಾಡಿ ಎಷ್ಟು ವಾಲುತ್ತದೆ ಎಂಬುದು ಶಾಕ್‌ನ ಕೈಯಲ್ಲಿಲ್ಲ. ಎಷ್ಟು ಬೇಗ ವಾಲುತ್ತದೆ ಎಂಬುದಷ್ಟೇ ಅದರ ಕೈಯಲ್ಲಿದೆ. ಎಷ್ಟು ಎಂಬುದನ್ನು ತೀರ್ಮಾನಿಸುವುದು ಸ್ಪ್ರಿಂಗ್, ಸ್ಟೆಬಿಲೈಜರ್ ಬಾರ್, ಗಾಡಿಯ ತೂಕ ಎಷ್ಟು ಎತ್ತರದಲ್ಲಿ ಕೂತಿದೆ ಎಂಬುದು, ಆಮೇಲೆ ಟೈರು. ಹಾಗಾಗಿ ಹೊಸ ಶಾಕ್ ಹಾಕಿಸಿದರೂ ವಾಲುವುದು ನಿಲ್ಲದಿದ್ದರೆ ಆಶ್ಚರ್ಯವಿಲ್ಲ.

ಮೊದಲು ಹಿಂಭಾಗ ಸರಿಯುವ ಸಂಗತಿ, ಏಕೆಂದರೆ ಅಪಾಯ ಇರುವುದು ಅದರಲ್ಲಿ. ನಿಮ್ಮ ಮಾದರಿಯ ಗಾಡಿಯಲ್ಲಿ ಹಿಂದಿನ ಎರಡೂ ಚಕ್ರಗಳು ಒಂದೇ ಗಟ್ಟಿ ಆಕ್ಸಲ್ಲಿನ ಎರಡು ತುದಿಗಳು. ಕಾಯಿಲ್ ಸ್ಪ್ರಿಂಗು ಭಾರ ಹೊರುತ್ತದೆಯೇ ಹೊರತು ಆಕ್ಸಲ್ಲನ್ನು ಜಾಗದಲ್ಲಿ ಹಿಡಿದಿಡುವ ಶಕ್ತಿ ಅದಕ್ಕೆ ಸಾಲದು. ಆ ಕೆಲಸಕ್ಕೆ ಐದು ರಾಡುಗಳಿವೆ. ನಾಲ್ಕು ಹಿಂದು ಮುಂದಾಗಿ ಚಾಸಿಗೆ, ಅಂದರೆ ಗಾಡಿಯ ಅಡಿಚೌಕಟ್ಟಿಗೆ, ಜೋಡಿಸಿದವು. ಐದನೆಯದು ಅಡ್ಡಲಾಗಿ, ಒಂದು ತುದಿ ಆಕ್ಸಲ್‌ಗೆ, ಇನ್ನೊಂದು ತುದಿ ಎದುರು ಬದಿಯ ಚಾಸಿಗೆ. ಇದನ್ನು ಪನಾರ್ಡ್ ರಾಡ್ ಎನ್ನುತ್ತಾರೆ, ಕೆಲವು ಅಂಗಡಿಗಳಲ್ಲಿ ಲ್ಯಾಟರಲ್ ರಾಡ್ ಎಂದು ಕೇಳಿದರೆ ಕೊಡುತ್ತಾರೆ. ಮೈ ಪಕ್ಕಕ್ಕೆ ಜಾರದಂತೆ ತಡೆಯುವುದು ಮುಖ್ಯವಾಗಿ ಈ ಒಂದು ರಾಡು. ಅದರ ಎರಡು ತುದಿಗಳಲ್ಲಿ ಬೋಲ್ಟಿನ ಸುತ್ತ ಕೂರುವ ರಬ್ಬರ್ ಬುಷ್ ಸವೆದರೆ ಟ್ಯಾಂಕರಿನ ಗಾಳಿ ತಳ್ಳಿದಾಗ ಮೈ ಮೊದಲು ಆ ಸಡಿಲಿನಷ್ಟು ಸರಿಯುತ್ತದೆ, ಬೋಲ್ಟಿಗೆ ಬಡಿದ ಮೇಲೆ ನಿಲ್ಲುತ್ತದೆ. ನೀವು ಬರೆದ ‘ಅರೆಗಳಿಗೆ’ ಅದೇ ಇರಬೇಕು. ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದ ಪದವೂ ಅದೇ.

ಈಗ ನನ್ನ ತಪ್ಪು. ಹದಿನೈದು ವರ್ಷಗಳ ಹಿಂದೆ ಕಡೂರು ಕಡೆಯ ಕಂಟ್ರಾಕ್ಟರ್ ಒಬ್ಬರು ಇಂಥದೇ ಗಾಡಿ ತಂದರು. ‘ತೂಗುತ್ತದೆ ಕಣ್ರೀ’ ಎಂದರು. ನಾನು ಓಡಿಸಿ ನೋಡಿದೆ, ತೂಗಿತು, ನಾಲ್ಕು ಶಾಕ್ ಹಾಕಿದೆ. ಮರುದಿನ ಅವರು ಮತ್ತೆ ಬಂದು ಒಂದು ಮಾತೂ ಆಡದೆ ಕೀಲಿಕೈಯನ್ನು ನನ್ನ ಮೇಜಿನ ಮೇಲಿಟ್ಟರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಹುಡುಗನ ಕೈಗೆ ಸ್ಟೇರಿಂಗ್ ಕೊಟ್ಟು ನಾನು ಕಡೆಯ ಸೀಟಿನಲ್ಲಿ ಕೂತೆ. ಮುಂದೆ ಕೂತಾಗ ತಿಳಿಯದ್ದು ಅಲ್ಲಿ ಸೊಂಟಕ್ಕೆ ತಿಳಿಯಿತು: ಗಾಡಿ ವಾಲುತ್ತಿರಲಿಲ್ಲ, ಜಾರುತ್ತಿತ್ತು. ಗ್ಯಾರೇಜಿನ ಗುಂಡಿಗೆ ಇಳಿದು ಅಡಿಯಿಂದ ನೋಡಿದರೆ ಪನಾರ್ಡ್ ರಾಡಿನ ಚಾಸಿ ಕಡೆಯ ಬುಷ್ ಹರಿದು, ನಡುವಿನ ಉಕ್ಕಿನ ಕೊಳವೆ ಕೋಳಿಮೊಟ್ಟೆಯ ಆಕಾರದ ತೂತಿನೊಳಗೆ ಅತ್ತಿತ್ತ ಓಡಾಡುತ್ತಿತ್ತು. ಕೂಲಿ ವಾಪಸು ಕೊಟ್ಟೆ. ಶಾಕ್‌ಗಳನ್ನು ಅಂಗಡಿಯವರು ವಾಪಸು ಪಡೆಯಲಿಲ್ಲ. ಆ ಬುಷ್ ಈಗಲೂ ನನ್ನ ಮೇಜಿನ ಮೇಲೆ ಬಿಲ್ಲುಗಳು ಹಾರದಂತೆ ಕೂತಿದೆ.

ನೀವು ಮನೆಯಂಗಳದಲ್ಲಿಯೇ ನೋಡಬಹುದು. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಮುಂದಿನ ಚಕ್ರಗಳಿಗೆ ಕಲ್ಲು ಕೊಡಿ. ಜಾಕ್ ಏರಿಸಬೇಡಿ, ಭಾರ ಚಕ್ರದ ಮೇಲೆಯೇ ಇರಬೇಕು, ಜಾಕ್ ಒಂದನ್ನೇ ನಂಬಿ ಗಾಡಿಯ ಕೆಳಗೆ ಯಾರೂ ಹೋಗಲೂಬಾರದು. ರಾಡಿನ ತುದಿಯಿಂದ ಅದನ್ನು ಹಿಡಿದ ಬ್ರಾಕೆಟ್ಟಿನವರೆಗೆ ಸೀಮೆಸುಣ್ಣದಲ್ಲಿ ಒಂದು ನೇರ ಗೆರೆ ಎಳೆಯಿರಿ. ಒಬ್ಬರು ಹಿಂಬಾಗಿಲ ಪಕ್ಕದ ಕಂಬಕ್ಕೆ ಎರಡೂ ಅಂಗೈ ಒತ್ತಿ, ತೊಟ್ಟಿಲು ತೂಗುವ ಲಯದಲ್ಲಿ ಮೈಯನ್ನು ಪಕ್ಕಕ್ಕೆ ತಳ್ಳಿ ಬಿಡುತ್ತಿರಲಿ. ಇನ್ನೊಬ್ಬರು ಹಿಂದಿನಿಂದ ಟಾರ್ಚ್ ಬಿಟ್ಟು ಗೆರೆ ನೋಡಲಿ. ರಬ್ಬರು ತುಸು ಮಣಿಯುವುದು ಸಹಜ. ಗೆರೆ ಎರಡು ತುಂಡಾಗಿ ಪಕ್ಕಕ್ಕೆ ಸರಿದು ಕೂಡಿದರೆ, ಅಥವಾ ‘ಟಕ್’ ಎಂದು ಸದ್ದಾದರೆ, ಬುಷ್ ಹೋಗಿದೆ. ಹಾಗೆಯೇ ಬ್ರಾಕೆಟ್ಟಿನ ಬೆಸುಗೆಯನ್ನೂ ನೋಡಿ. ಮಲೆನಾಡಿನ ಮಳೆ, ಕರಾವಳಿಯ ಉಪ್ಪುಗಾಳಿ ಎರಡನ್ನೂ ಉಂಡ ಗಾಡಿ ನಿಮ್ಮದು. ತುಕ್ಕಿನ ಕೆಳಗೆ ಬಿರುಕು ಅಡಗಿ ಕೂತಿರಬಹುದು. ಉಳಿದ ನಾಲ್ಕು ರಾಡುಗಳ ಬುಷ್‌ಗಳನ್ನು ಮೆಕ್ಯಾನಿಕ್ ಹಾರೆ ಕೊಟ್ಟು ಮೀಟಿ ನೋಡಲಿ.

ನೀವು ಬರೆದಿಲ್ಲ, ಆದರೂ ಕೇಳುತ್ತೇನೆ. ದೊಡ್ಡ ಟೈರಿಗೆ ಜಾಗವಾಗಲಿ ಎಂದು ಸ್ಪ್ರಿಂಗಿಗೆ ಸ್ಪೇಸರ್ ಹಾಕಿಸಿ ಗಾಡಿ ಎತ್ತರಿಸಿದ್ದೀರಾ? ಪನಾರ್ಡ್ ರಾಡ್ ಒಂದು ತುದಿಯನ್ನು ಕೇಂದ್ರವಾಗಿಟ್ಟುಕೊಂಡು ಕಮಾನಿನ ದಾರಿಯಲ್ಲಿ ತಿರುಗುವ ರಾಡು. ಮೈ ಎರಡು ಇಂಚು ಮೇಲೆದ್ದರೆ ಆಕ್ಸಲ್ ನಾಲ್ಕೈದು ಮಿಲಿಮೀಟರ್ ಪಕ್ಕಕ್ಕೆ ಎಳೆಸಿಕೊಳ್ಳುತ್ತದೆ. ಪರೀಕ್ಷೆಗೆ ನನ್ನ ಬಳಿ ಗಾರೆ ಕೆಲಸದ ಭಾವಮೈದುನ ಕೊಟ್ಟ ತೂಗುಗುಂಡು ಇದೆ. ಚಕ್ರದ ಮೇಲಿನ ಮಡ್‌ಗಾರ್ಡ್ ಅಂಚಿನಿಂದ ಅದನ್ನು ಇಳಿಬಿಟ್ಟು, ದಾರಕ್ಕೂ ಟೈರಿನ ಗೋಡೆಗೂ ಎಷ್ಟು ಅಂತರ ಎಂದು ಎರಡೂ ಬದಿ ಅಳೆಯುತ್ತೇನೆ. ಎಡಕ್ಕೆ 22, ಬಲಕ್ಕೆ 31 ಮಿಲಿಮೀಟರ್ ಬಂದರೆ ಆಕ್ಸಲ್ ಮಧ್ಯದಲ್ಲಿಲ್ಲ ಎಂದು ಅರ್ಥ. ಹತ್ತು ರೂಪಾಯಿಯ ದಾರ ಮಾಡುವ ಈ ಕೆಲಸವನ್ನು ಅಲೈನ್‌ಮೆಂಟ್ ಯಂತ್ರದ ಮುಂದೆ ಗಾಡಿ ನಿಲ್ಲಿಸಿದವರೂ ಎಷ್ಟೋ ಸಲ ಮಾಡಿರುವುದಿಲ್ಲ.

ಇನ್ನು ವಾಲುವುದು. ಇದರಲ್ಲಿ ಗಾಡಿಯ ಪಾಲಿಗಿಂತ ನಿಮ್ಮ ಪಾಲು ಹೆಚ್ಚು, ಬೇಸರಿಸಬೇಡಿ. ಹಳೆಯ ಟೈರಿನ ಗೋಡೆಯ ಎತ್ತರ ಅದರ ಅಗಲವಾದ 235 ಮಿಲಿಮೀಟರಿನ ಶೇಕಡಾ 65, ಅಂದರೆ ಸುಮಾರು 153 ಮಿಲಿಮೀಟರ್. ಹೊಸದರದ್ದು 265ರ ಶೇಕಡಾ 65, ಸುಮಾರು 172. ಇಡೀ ಗಾಡಿ ಹತ್ತೊಂಬತ್ತು ಮಿಲಿಮೀಟರ್ ಮೇಲೆದ್ದಿದೆ, ಜೊತೆಗೆ ತಿರುವಿನಲ್ಲಿ ಮಣಿಯುವ ರಬ್ಬರಿನ ಗೋಡೆಯೂ ಅಷ್ಟು ಉದ್ದವಾಗಿದೆ. ಸವಾರಿ ಮೆತ್ತಗಿರಲಿ ಎಂದು ಗಾಳಿಯನ್ನೂ ಇಳಿಸಿದ್ದರೆ ಕೇಳುವುದೇ ಬೇಡ. ಮೇಲಿನ ಕ್ಯಾರಿಯರ್ ಖಾಲಿ ಇದ್ದರೂ ಕಬ್ಬಿಣ ಕಬ್ಬಿಣವೇ. ಅದರಲ್ಲಿ ಸ್ಟೆಪ್ನಿ, ಗೋಣಿಚೀಲ, ಏಣಿ ಇಟ್ಟುಕೊಂಡು ತಿರುಗುವವರನ್ನು ನಮ್ಮ ಕಡೆ ದಿನವೂ ನೋಡುತ್ತೇನೆ.

ಇದಕ್ಕೊಂದು ಸರಳ ಲೆಕ್ಕವಿದೆ. ಎಡಬಲ ಚಕ್ರಗಳ ನಡುವಿನ ಅಗಲದ ಅರ್ಧವನ್ನು ಗಾಡಿಯ ಗುರುತ್ವಕೇಂದ್ರದ ಎತ್ತರದಿಂದ ಭಾಗಿಸುವುದು. ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ 2001ರಲ್ಲಿ ಗಾಡಿಗಳ ಮಗುಚುವ ಅಪಾಯಕ್ಕೆ ಅಂಕ ಕೊಡಲು ಆರಂಭಿಸಿದ್ದು ಈ ಲೆಕ್ಕದ ಮೇಲೆಯೇ. ಸಾಮಾನ್ಯ ಕಾರುಗಳಿಗೆ ಇದು 1.3ರಿಂದ 1.5ರಷ್ಟು ಬರುತ್ತದೆ, ಎತ್ತರದ ಎಸ್‌ಯುವಿಗಳಿಗೆ 1.0ರಿಂದ 1.3. ಅಂಕಿ ಸಣ್ಣದಾದಷ್ಟೂ ಮಗುಚುವ ಅಪಾಯ ಹೆಚ್ಚು. ಉದಾಹರಣೆಗೆ ಅಗಲ 1500 ಮಿಲಿಮೀಟರ್, ಎತ್ತರ 700 ಎಂದಿಟ್ಟುಕೊಂಡರೆ 1.07. ಟೈರು ಮತ್ತು ಮೇಲಿನ ಹೊರೆ ಸೇರಿ ಎತ್ತರ 740 ಆದರೆ 1.01ಕ್ಕೆ ಇಳಿಯಿತು. ಆಗುಂಬೆಯ ಹದಿನಾಲ್ಕು ಹೇರ್‌ಪಿನ್ ತಿರುವುಗಳಲ್ಲಿ ನಿಮ್ಮ ತಾಯಿ ಒದ್ದಾಡುತ್ತಿರುವುದರಲ್ಲಿ ಈ ನಲವತ್ತು ಮಿಲಿಮೀಟರಿಗೂ ಕೈಯಿದೆ.

ಗಾಡಿಯ ಪಾಲು ಎಂದರೆ ಸ್ಟೆಬಿಲೈಜರ್ ಬಾರಿನ ತುದಿಯನ್ನು ಜೋಡಿಸುವ ಲಿಂಕ್ ರಾಡ್ ಮತ್ತು ಬಾರನ್ನು ಹಿಡಿದಿಡುವ ರಬ್ಬರು, ಅಂದರೆ ಡಿ ಬುಷ್. ಈ ಬಾರ್ ಎಡ ಚಕ್ರದ ಭಾಗವನ್ನೂ ಬಲ ಚಕ್ರದ ಭಾಗವನ್ನೂ ಜೋಡಿಸುವ ಒಂದು ಉಕ್ಕಿನ ಕಂಬಿ. ಎರಡೂ ಚಕ್ರ ಒಟ್ಟಿಗೆ ಎದ್ದರೆ ಅದಕ್ಕೇನೂ ಕೆಲಸವಿಲ್ಲ. ಒಂದು ಎದ್ದು ಇನ್ನೊಂದು ಇಳಿದರೆ ತಿರುಚಿಕೊಂಡು ಎದುರು ನಿಲ್ಲುತ್ತದೆ. ಗೇಣುದ್ದದ ಲಿಂಕ್ ರಾಡಿನ ಗುಂಡು ಸಡಿಲವಾದರೆ ಬಾರ್ ತಿರುಚಿಕೊಳ್ಳುವ ಹೊತ್ತಿಗೆ ತಿರುವು ಅರ್ಧ ಮುಗಿದಿರುತ್ತದೆ. ತೋಟದ ರಸ್ತೆಯಲ್ಲಿ ನಿಧಾನವಾಗಿ ಹೋಗುವಾಗ ಮುಂದಿನಿಂದ ‘ಟಕಟಕ’ ಕೇಳುತ್ತಿದ್ದರೆ ಮೊದಲ ಅನುಮಾನ ಇದರ ಮೇಲೆ. ಚಕ್ರ ನೆಲದ ಮೇಲಿರುವಾಗ ಕೈಯಲ್ಲಿ ಹಿಡಿದು ಅಲ್ಲಾಡಿಸಿ. ಅಲುಗಾಟ ಬೆರಳಿಗೆ ಸಿಕ್ಕರೆ ಬದಲಿಸಿ.

ದಪ್ಪ ಬಾರ್ ಏಕೆ ಬೇಡ ಎಂದರೆ, ಕಂಬಿಯ ಬಿಗಿ ಅದರ ವ್ಯಾಸದ ನಾಲ್ಕನೆಯ ಘಾತಕ್ಕೆ ತಕ್ಕಂತೆ ಏರುತ್ತದೆ. ದಪ್ಪ ಶೇಕಡಾ ಹತ್ತು ಹೆಚ್ಚಾದರೆ ಬಿಗಿ ಶೇಕಡಾ ನಲವತ್ತಾರು ಹೆಚ್ಚು. ಹಿಂದೆ ಮಾತ್ರ ಅಷ್ಟು ಬಿಗಿ ಮಾಡಿ, ಜುಲೈ ತಿಂಗಳ ಮಳೆಯಲ್ಲಿ ಪಾಚಿ ಹಿಡಿದ ಘಾಟಿ ತಿರುವಿಗೆ ಹೋದರೆ ಹಿಂದಿನ ಚಕ್ರಗಳು ಮೊದಲು ಹಿಡಿತ ಬಿಡುತ್ತವೆ. ವಾಲುವುದು ಕಡಿಮೆಯಾಗಿ ಗಾಡಿ ಗಿರ್ರನೆ ತಿರುಗಿ ಅಡ್ಡ ನಿಲ್ಲುವುದು ಶುರುವಾದೀತು. ಅದಕ್ಕಿಂತ ವಾಲುವುದೇ ಲೇಸು.

ಬುಷ್ ಬದಲಿಸುವಾಗ ಮೆಕ್ಯಾನಿಕ್‌ಗೆ ಒಂದು ಮಾತು ಹೇಳಿ, ಅವರು ಮುಖ ಸಿಂಡರಿಸಿದರೂ ಹೇಳಿ: ಕೊನೆಯ ಬಿಗಿತ ಗಾಡಿ ನೆಲಕ್ಕಿಳಿದ ಮೇಲೆ. ಈ ಬುಷ್‌ಗಳಲ್ಲಿ ರಬ್ಬರು ಒಳಗಿನ ಕೊಳವೆಗೂ ಹೊರಗಿನ ಬಳೆಗೂ ಅಂಟಿಕೊಂಡೇ ಇರುತ್ತದೆ, ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ. ಗಾಡಿ ಮೇಲೆ ನೇತಾಡುತ್ತಿರುವಾಗಲೇ ಬೋಲ್ಟ್ ಬಿಗಿದರೆ, ಇಳಿಸಿದ ಕ್ಷಣದಿಂದ ಆ ರಬ್ಬರು ಹಿಂಡಿದ ಒದ್ದೆಬಟ್ಟೆಯಂತೆ ಸದಾ ತಿರುಚಿಕೊಂಡೇ ಇರುತ್ತದೆ. ಐದು ವರ್ಷ ಬಾಳಬೇಕಾದದ್ದು ಒಂದೇ ವರ್ಷಕ್ಕೆ ಹರಿಯುತ್ತದೆ. ‘ಡೂಪ್ಲಿಕೇಟ್ ಸಾಮಾನು’ ಎಂದು ಆಗ ಅಂಗಡಿಯವನ ಮೇಲೆ ತಪ್ಪು ಹೊರಿಸುತ್ತೇವೆ.

ಹಾಗಾಗಿ ಮೊದಲು ಸೀಮೆಸುಣ್ಣ, ಆಮೇಲೆ ಲಿಂಕ್ ರಾಡ್. ಕ್ಯಾರಿಯರ್ ಈ ವಾರವೇ ಇಳಿಯಲಿ, ಅದಕ್ಕೆ ಖರ್ಚಿಲ್ಲ. ಟೈರ್ ಸವೆದ ಮೇಲೆ ಹಳೆಯ ಅಳತೆಗೆ ಹಿಂದಿರುಗಿ, ಗಾಳಿಯನ್ನು ಚಾಲಕನ ಬಾಗಿಲ ಕಂಬದ ಮೇಲಿನ ಚೀಟಿಯಂತೆ ತುಂಬಿಸಿ.

ತಾಯಿಯವರ ವಿಷಯ ಬಾಕಿ ಇದೆ. ಅವರನ್ನು ಎಲ್ಲಿ ಕೂರಿಸುತ್ತೀರಿ? ಕಡೆಯ ಸೀಟು ಹಿಂದಿನ ಆಕ್ಸಲ್ಲಿನ ಮೇಲೆ ಬರುತ್ತದೆ, ಗಾಡಿಯ ಪ್ರತಿ ಓಲಾಟವೂ ಅಲ್ಲಿ ದೊಡ್ಡದು. ಪಯಣದ ವಾಕರಿಕೆಗೆ ಎಲ್ಲಕ್ಕಿಂತ ಕೆಟ್ಟದ್ದು ನಿಧಾನದ ತೂಗು, ಐದು ಸೆಕೆಂಡಿಗೆ ಒಂದು ಸಲದ ಆಸುಪಾಸಿನದು. ತಿರುವಿನ ಮೇಲೆ ತಿರುವು ಬರುವ ಘಾಟಿ ಕೊಡುವುದು ಅಂಥದ್ದನ್ನೇ, ಅದನ್ನು ಯಾವ ಬುಷ್ ಕೂಡ ತೆಗೆಯಲಾರದು. ಮುಂದಿನ ಸೀಟಿನಲ್ಲಿ ಕೂರಿಸಿ, ರಸ್ತೆ ಕಾಣುವಂತಿರಲಿ, ತಿರುವಿಗೆ ಮುಂಚೆಯೇ ಬ್ರೇಕ್ ಮುಗಿಸಿ. ಗಾಡಿ ಓಡಿಸುವುದು ನೀವೇ ಆದರೆ ಒಮ್ಮೆ ಬೇರೆಯವರಿಗೆ ಕೊಟ್ಟು, ತಾಯಿಯವರ ಜಾಗದಲ್ಲಿ ಕೂತು ಘಾಟಿ ಇಳಿದು ನೋಡಿ.

ಪ್ರಶ್ನೆ: ಬಾಡಿಗೆಗೆ ಎಸ್‌ಯುವಿ ಓಡಿಸುತ್ತೇನೆ. ರಸ್ತೆ ಉಬ್ಬು ದಾಟಿದ ಮೇಲೆ ಮೂತಿ ಮೂರ್ನಾಲ್ಕು ಸಲ ಮೇಲೆ ಕೆಳಗೆ ಆಡುತ್ತದೆ, ಬ್ರೇಕ್ ಒತ್ತಿದರೆ ಮುಗ್ಗರಿಸುತ್ತದೆ. ಬಾನೆಟ್ ಒತ್ತಿ ಬಿಟ್ಟರೆ ಸರಿಯಾಗಿಯೇ ನಿಲ್ಲುತ್ತದೆ.
ಚಾಲಕ, ಹೊಸಪೇಟೆ

ಉತ್ತರ: ನಿಮ್ಮದು ಶಾಕ್ ಅಬ್ಸಾರ್ಬರೇ. ಬಾನೆಟ್ ಒತ್ತುವ ಪರೀಕ್ಷೆ ಸಣ್ಣ ಕಾರುಗಳ ಕಾಲದ್ದು; ಎರಡು ಟನ್ನಿನ ಗಾಡಿಯನ್ನು ನಿಮ್ಮ ಕೈಬಲ ಅಲುಗಿಸುವುದೇ ಅಷ್ಟಕ್ಕಷ್ಟೆ. ಹದಗೆಟ್ಟ ರಸ್ತೆಯಲ್ಲಿ ಹತ್ತು ಹದಿನೈದು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ಕೂಡಲೇ ನಾಲ್ಕೂ ಶಾಕ್‌ಗಳ ಹತ್ತಿರ ಅಂಗೈ ಒಯ್ಯಿರಿ, ಸುಡುವಂತಿಲ್ಲದಿದ್ದರೆ ಮುಟ್ಟಿ. ದುಡಿದದ್ದು ಬಿಸಿಯಾಗಿರುತ್ತದೆ, ಏಕೆಂದರೆ ಕುಣಿತವನ್ನು ಶಾಖವಾಗಿ ಮಾರ್ಪಡಿಸುವುದೇ ಅದರ ಕೆಲಸ. ಜೋಡಿಯಲ್ಲಿ ಒಂದು ಮಾತ್ರ ತಣ್ಣಗಿದ್ದರೆ ಅದು ಸುಮ್ಮನೆ ನೇತಾಡಿಕೊಂಡು ಬಂದಿದೆ. ಮೈಮೇಲೆ ಎಣ್ಣೆಯ ತೆಳುವಾದ ಮಸುಕು ಇದ್ದರೆ ಹೆದರಬೇಡಿ, ಇಳಿದು ಹನಿಯುತ್ತಿದ್ದರೆ ತೀರಿತು. ಬದಲಿಸುವಾಗ ಎಡಬಲ ಜೋಡಿಯಾಗಿ ಬದಲಿಸಿ. ಮುಂದಿನ ಎರಡರಿಂದ ಶುರು ಮಾಡಿ, ಹಿಂದಿನವು ಚೆನ್ನಾಗಿದ್ದರೆ ಅವಕ್ಕೆ ಈಗಲೇ ದುಡ್ಡು ಸುರಿಯಬೇಕಾಗಿಲ್ಲ.

ಪ್ರಶ್ನೆ: ನಾನು ಬಂಟ್ವಾಳದವನು, ಶಾರ್ಜಾದಲ್ಲಿದ್ದೇನೆ. ವಾರದ ರಜೆಯಲ್ಲಿ ಮರಳುಗುಡ್ಡಗಳಿಗೆ ಹೋಗುತ್ತೇವೆ. ವಾಪಸಾಗುವಾಗ ಹೆದ್ದಾರಿಯಲ್ಲಿ ಗಾಡಿ ದೋಣಿಯಂತೆ ತೊನೆಯುತ್ತದೆ. ವಾರವಿಡೀ ಊರಿನಲ್ಲಿ ಓಡಿಸುವಾಗ ಏನೂ ಇಲ್ಲ.

ಉತ್ತರ: ಮರಳಿಗೆ ಇಳಿಯುವಾಗ ಗಾಳಿಯ ಒತ್ತಡವನ್ನು ಹದಿನೈದಕ್ಕೋ ಹದಿನೆಂಟು ಪಿಎಸ್‌ಐಗೋ ಇಳಿಸಿರುತ್ತೀರಿ, ಅದು ಸರಿ. ಡಾಂಬರು ಸಿಕ್ಕ ಕೂಡಲೇ ತುಂಬಿಸದೆ ‘ಮುಂದಿನ ಬಂಕಿನಲ್ಲಿ ನೋಡೋಣ’ ಎಂದು ಬರುತ್ತೀರಿ, ತೊನೆದಾಟಕ್ಕೆ ಅದೇ ಮೂಲ. ಆ ಗಾಳಿಯಲ್ಲಿ ವೇಗವಾಗಿ ಓಡಿಸಿದರೆ ಟೈರಿನ ಗೋಡೆ ಕಾದು ಸಿಡಿಯಬಹುದು, ಅಲ್ಲಿಯ ಬಿಸಿಲಿನಲ್ಲಿ ಇನ್ನೂ ಬೇಗ. ಸಿಗರೇಟ್ ಲೈಟರಿಗೆ ಹಾಕುವ ಸಣ್ಣ ಪಂಪ್ ಅಲ್ಲ, ಬ್ಯಾಟರಿಗೆ ನೇರವಾಗಿ ಕ್ಲಿಪ್ ಹಾಕುವ ಕಂಪ್ರೆಸರ್ ಕೊಂಡು ಗಾಡಿಯಲ್ಲಿಯೇ ಇಟ್ಟುಕೊಳ್ಳಿ. ತುಂಬಿಸಿದ ಮೇಲೂ ಸ್ಟೇರಿಂಗ್ ನಡುಗಿದರೆ ರಿಮ್ಮಿನ ಒಳಬದಿಯಲ್ಲಿ ಮರಳು ಕಟ್ಟಿಕೊಂಡಿರುತ್ತದೆ. ನೀರು ಹಾಯಿಸಿ ತೊಳೆಯಿರಿ.

ಪ್ರಶ್ನೆ: ನಾವು ಇಬ್ಬರೂ ಶಿಕ್ಷಕರು. ಅತ್ತೆ, ಮಾವ, ಮಕ್ಕಳು ಎಲ್ಲರಿಗೂ ಆಗಲಿ ಎಂದು ಹಳೆಯ ಏಳು ಸೀಟಿನ ಗಾಡಿ ನೋಡುತ್ತಿದ್ದೇವೆ. ಸಸ್ಪೆನ್ಷನ್ ಬಗ್ಗೆ ನಮಗೇನೂ ತಿಳಿಯದು. ಮೋಸಹೋಗದಂತೆ ಏನು ನೋಡಬೇಕು?
ಶಿಕ್ಷಕಿ, ಧಾರವಾಡ

ಉತ್ತರ: ಮೇಡಂ, ನಿಮಗೆ ತಿಳಿಯಬೇಕಾದಷ್ಟು ನಿಮ್ಮ ಅಂಗೈಗೆ ತಿಳಿಯುತ್ತದೆ. ನಿಂತ ಗಾಡಿಯ ಟೈರಿನ ಮೇಲ್ಮೈಯನ್ನು ಸವರಿಕೊಂಡು ಹೋಗಿ. ರೊಟ್ಟಿ ತಟ್ಟಿದ ಹಿಟ್ಟಿನಂತೆ ಅಲ್ಲಲ್ಲಿ ತಗ್ಗು ಸಿಕ್ಕರೆ ಶಾಕ್ ಸತ್ತು ಎಷ್ಟೋ ದಿನವಾಗಿದೆ, ಟೈರು ರಸ್ತೆಯ ಮೇಲೆ ಕುಪ್ಪಳಿಸಿಕೊಂಡು ಓಡಿದೆ. ಒಂದೇ ಅಂಚು ಸವೆದಿದ್ದರೆ ಚಕ್ರದ ಅಲೈನ್‌ಮೆಂಟ್ ಅಥವಾ ಚಕ್ರವನ್ನು ಹಿಡಿದಿರುವ ಗುಂಡುಕೀಲು, ಬಾಲ್ ಜಾಯಿಂಟ್, ಕೆಟ್ಟಿದೆ. ನಾಲ್ಕೂ ಟೈರು ಹೊಚ್ಚಹೊಸದಾಗಿದ್ದರೆ ಸಂತೋಷಪಡುವ ಮೊದಲು ಹಳೆಯವು ಎಲ್ಲಿ ಎಂದು ಕೇಳಿ.

ಟೈರಿನ ಗೋಡೆಯ ಮೇಲಿನ ಅಳತೆ ಬಾಗಿಲ ಕಂಬದ ಚೀಟಿಯ ಅಳತೆಗೆ ಹೊಂದುತ್ತದೆಯೇ ನೋಡಿ. ಎತ್ತರಿಸಿದ, ಮುಂದೆ ಉಕ್ಕಿನ ಗಾರ್ಡ್ ಕಟ್ಟಿದ ಗಾಡಿ ಬೇಡ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಯಾರಕರ ವಿವರಗಳಿಗೆ ವಿರುದ್ಧವಾಗಿ ಗಾಡಿ ಬದಲಿಸುವುದನ್ನು ಒಪ್ಪುವುದಿಲ್ಲ. ಮಾರಿದವರು ಹೋದ ಮೇಲೆ ದಂಡ ಕಟ್ಟುವವರು ನೀವು.

ಆಮೇಲೆ ಓಡಿಸಿ. ಮನೆಯವರು ಮುಂದೆ ಕೂತು ನಡೆಸಲಿ, ನೀವು ಕಡೆಯ ಸೀಟಿನಲ್ಲಿ ಕೂರಿ, ಅತ್ತೆ ಮಾವ ಕೂರಬೇಕಾದ್ದು ಅಲ್ಲಿಯೇ ಅಲ್ಲವೇ. ಜನರಿಲ್ಲದ ನೇರ ರಸ್ತೆಯಲ್ಲಿ ನಲವತ್ತರ ವೇಗದಲ್ಲಿ ಸ್ಟೇರಿಂಗನ್ನು ಎಡಕ್ಕೊಂದಿಷ್ಟು, ಬಲಕ್ಕೊಂದಿಷ್ಟು ಮೃದುವಾಗಿ ತಿರುಗಿಸಲು ಹೇಳಿ. ಮೈ ಒಮ್ಮೆ ವಾಲಿ, ಒಮ್ಮೆಗೇ ನೆಟ್ಟಗಾದರೆ ಒಳ್ಳೆಯದು. ಸ್ಟೇರಿಂಗ್ ನೇರವಾದ ಮೇಲೂ ಹಿಂಭಾಗ ತನ್ನಷ್ಟಕ್ಕೆ ಇನ್ನೊಂದು ತೂಗು ತೂಗಿದರೆ ಕೊಪ್ಪದವರ ಪತ್ರಕ್ಕೆ ಬರೆದ ಉತ್ತರವನ್ನು ನಿಮ್ಮ ಮೆಕ್ಯಾನಿಕ್‌ಗೆ ತೋರಿಸಿ. ಬುಷ್‌ಗಳ ಖರ್ಚನ್ನು ಬೆಲೆಯಲ್ಲಿ ಕಳೆಯಲು ಕೇಳಬಹುದು. ಚಾಸಿಯ ಬ್ರಾಕೆಟ್ಟಿನಲ್ಲಿ ಹೊಸ ಬೆಸುಗೆ ಕಂಡರೆ ಎಷ್ಟು ಇಳಿಸಿದರೂ ಬೇಡ. ‘ಟ್ಯಾಂಕಿನಲ್ಲಿ ಡೀಸೆಲ್ ಇಲ್ಲ, ಇಲ್ಲೇ ಸ್ಟಾರ್ಟ್ ಮಾಡಿ ತೋರಿಸುತ್ತೇನೆ’ ಎನ್ನುವವರು ಸಿಗುತ್ತಾರೆ. ಅಂಥವರಿಗೆಂದೇ ಪರ್ಸಿನಲ್ಲಿ ಐನೂರರ ಒಂದು ನೋಟು ಇಟ್ಟುಕೊಂಡು ಹೋಗಿ, ಬಂಕಿನವರೆಗೆ ಅದೇ ಗಾಡಿಯಲ್ಲಿ ಹೋಗಿ ಬನ್ನಿ.